ತ್ಸೇರೆನ್ಸ್‌ಡಾರ್ಫಿನ ಭಾರತೀಯ ಸೈನಿಕ ಶ್ಮಶಾನ

ಬರ್ಲಿನ್ನಿಗೆ ದಕ್ಷಿಣದಲ್ಲಿ ತ್ಸೇರೆನ್ಸ್‌ಡಾರ್ಫ್ ಎಂಬ ಹಳ್ಳಿಯೊಂದಿತ್ತು. ಸೈನ್ಯದ ಕವಾಯತು ಭೂಮಿಗಾಗಿ ತೆರವಾದ ಆ ಹಳ್ಳಿ ಇಂದಿಲ್ಲ. ಅದರ ಹೆಸರನ್ನು ಉಳಿಸಿರುವುದು ಪರದೇಶೀಯರ ಸಮಾಧಿಗಳೆಂಬುದು ವಿಚಿತ್ರ. ಮೊದಲನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕ ಭಾರತೀಯ ಯೋಧರನೇಕರನ್ನು ಜರ್ಮನರು ಸಮೀಪದ ವ್ಯೂನ್ಸ್‌ಡಾರ್ಫಿನ ‘ಅರ್ಧಚಂದ್ರ ಶಿಬಿರ’ದಲ್ಲಿರಿಸಿದ್ದರು. 1915ರಲ್ಲಿ ಅಲ್ಲಿ ಮರದ ಮಸೀದಿಯೊಂದನ್ನೂ ಕಟ್ಟಿಸಿದರು. ಇದನ್ನು ಕೇವಲ ಔದಾರ್ಯವೆಂದು ಭಾವಿಸಲಾಗದು. ಸೆರೆಯಾಳುಗಳನ್ನು ಬ್ರಿಟಿಷರ ವಿರುದ್ಧ ತಿರುಗಿಸುವ ಉದ್ದೇಶ ಅದರ ಹಿಂದಿದ್ದಿತು. ಭಾಷಾವಿದ್ವಾಂಸರು ಶಿಬಿರಕ್ಕೆ ಬಂದು ಅವರ ಮಾತು, ಕಥೆ, ಹಾಡುಗಳನ್ನು ಧ್ವನಿಮುದ್ರಿಸಿಕೊಂಡರು. ಬರ್ಲಿನ್ನಿನ ಹುಂಬೋಲ್ಟ್ ವಿಶ್ವವಿದ್ಯಾನಿಲಯದಲ್ಲಿರುವ ಆ ಮುದ್ರಿಕೆಗಳಲ್ಲಿ ಊರಿಗೆ ಮರಳುವ ಹಂಬಲ ಇಂದಿಗೂ ಕೇಳಿಬರುತ್ತದೆ. ಮರಳದೆಹೋದ 206 ಭಾರತೀಯರು ಈ ಶ್ಮಶಾನದಲ್ಲಿ ಸ್ಮರಿಸಲ್ಪಟ್ಟಿದ್ದಾರೆ. ಎರಡನೆಯ ಮಹಾಯುದ್ಧಾನಂತರ ಸುತ್ತಣ ಪ್ರದೇಶವು ಸೋವಿಯತ್ ಸೇನೆಯ ವಶವಾಯಿತು. ಗೋರಿಗಳು ದೀರ್ಘಕಾಲ ಅನಾಥವಾಗಿದ್ದುವು. 1994ರಲ್ಲಿ ಆ ಸೇನೆ ನಿರ್ಗಮಿಸಿತು. 2005ರಲ್ಲಿ ಶ್ಮಶಾನದ ಜೀರ್ಣೋದ್ಧಾರ ಸಂಪೂರ್ಣವಾಯಿತು.