ಕಾಫಿ ಸೀಮೆಯ ಓದುಗರ ಋಣ

ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಇಲಾಖೆ ಹುಟ್ಟಿದ್ದು 1966ರ ನವೆಂಬರ್ 1ರಂದು. ಕನ್ನಡ ನಾಡು ಒಂದಾಗಿ ಅಂದಿಗೆ ಸರಿಯಾಗಿ ಹತ್ತು ವರ್ಷ. ಇಲಾಖೆಯ ಅರವತ್ತರ ಈ ಸಂದರ್ಭದಲ್ಲಿ ಚಿಕ್ಕಮಗಳೂರು, ಮೂಡಿಗೆರೆ, ಕಳಸ ಭಾಗದ ಓದುಗರಾದ ನಾವು ನಮ್ಮ ಗ್ರಂಥಾಲಯಗಳು ನಡೆದುಬಂದ ದಾರಿಯನ್ನು ಕೃತಜ್ಞತೆಯಿಂದ ನೆನೆಯುತ್ತಿದ್ದೇವೆ. ಜಿಲ್ಲಾ ಕೇಂದ್ರ ಗ್ರಂಥಾಲಯದ ಸದಸ್ಯರಿರಲಿ, ಯಾವುದೋ ಗುಡ್ಡದ ಮಗ್ಗುಲಿನ ಪಂಚಾಯತಿ ಗ್ರಂಥಾಲಯಕ್ಕೆ ಸಂಜೆ ಬಂದು ಪೇಪರು ಓದುವವರಿರಲಿ, ನಾವೆಲ್ಲರೂ ಒಂದೇ ಮನೆಯವರು.

ಈ ಮನೆಗೆ ಬುನಾದಿ ಬಿದ್ದದ್ದು ಇನ್ನೂ ಹಿಂದೆ. ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಸಾರ್ವಜನಿಕ ಪುಸ್ತಕಾಲಯಗಳು ತಲೆಯೆತ್ತಿದವು. ಆಗ ನಮ್ಮದು ಕಡೂರು ಜಿಲ್ಲೆ. ರಾಜಧಾನಿಯ ಆ ಸೌಲಭ್ಯ ಘಟ್ಟದಂಚಿನ ಹಳ್ಳಿಗಳಿಗೆ ಬಲು ದೂರದ್ದು. 1940ರ ದಶಕದಲ್ಲಿ ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿಯು ಸಂಸ್ಥಾನದ ಹಳ್ಳಿಗಳಲ್ಲಿ ರಾತ್ರಿ ಶಾಲೆಗಳ ಜೊತೆಗೆ ಪುಟ್ಟ ಪುಸ್ತಕಾಲಯಗಳನ್ನೂ ತೆರೆಯಿತು. ಹೊಸದಾಗಿ ಅಕ್ಷರ ಕಲಿತವರಿಗಾಗಿ ‘ಬೆಳಕು’ ಪತ್ರಿಕೆಯನ್ನು ಹೊರತಂದಿತು. ಕಲಿತ ಅಕ್ಷರ ಮರೆಯದಿರಬೇಕಾದರೆ ಕೈಗೆ ಸಿಗುವ ಹತ್ತಿರದಲ್ಲಿ ಪುಸ್ತಕವಿರಬೇಕು ಎಂಬ ಅರಿವು ಆ ಹಿರಿಯರಿಗಿತ್ತು. ಆದರೆ ಆ ಪುಸ್ತಕಾಲಯಗಳ ಬಾಳಿಕೆ ಊರಿನ ಉತ್ಸಾಹಿಗಳನ್ನೇ ನೆಚ್ಚಿತ್ತು. ಮೇಷ್ಟರಿಗೆ ವರ್ಗವಾದರೆ ಬೀರುವಿಗೆ ಬೀಗ ಬೀಳುತ್ತಿತ್ತು.

ಆ ಕೊರತೆ ನೀಗಿದ್ದು 1965ರಲ್ಲಿ. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗ ಮೈಸೂರು ಸಾರ್ವಜನಿಕ ಗ್ರಂಥಾಲಯ ಅಧಿನಿಯಮ ರೂಪುಗೊಂಡಿತು. ಮದರಾಸು, ಹೈದರಾಬಾದು, ಆಂಧ್ರಗಳ ನಂತರ ದೇಶದಲ್ಲಿ ಇಂಥ ಕಾನೂನು ಮಾಡಿದ ಹಿರಿಮೆ ನಮ್ಮ ರಾಜ್ಯದ್ದು. ಇದರ ಹಿಂದೆ ಇದ್ದದ್ದು ಡಾ. ಎಸ್.ಆರ್. ರಂಗನಾಥನ್ ಅವರ ಚಿಂತನೆ. ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು 1931ರಲ್ಲೇ ಜಗತ್ತಿನ ಮುಂದಿಟ್ಟ ಈ ಗಣಿತದ ಮೇಷ್ಟರು ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಅಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಅದಕ್ಕೂ ಒಂದು ವರ್ಷ ಮೊದಲು, ಪತ್ನಿ ಶಾರದಾ ಅವರ ಹೆಸರಿನಲ್ಲಿ ಗ್ರಂಥಾಲಯ ವಿಜ್ಞಾನಕ್ಕಾಗಿ ದತ್ತಿಯನ್ನು ಸ್ಥಾಪಿಸಿದ್ದರು. ಪುಸ್ತಕವನ್ನು ಬೀರುವಿನಲ್ಲಿ ಕಾಯುವುದಕ್ಕಿಂತ ಓದುಗನ ಕೈಗೆ ಮುಟ್ಟಿಸುವುದೇ ಗ್ರಂಥಪಾಲಕನ ಧರ್ಮವೆಂದು ನಂಬಿ ಬದುಕಿದವರು ಅವರು. ಅವರ ಜನ್ಮದಿನವಾದ ಆಗಸ್ಟ್ 12ರಂದು ಇಂದಿಗೂ ನಮ್ಮ ಗ್ರಂಥಾಲಯಗಳಲ್ಲಿ ಅವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ರಾಜ್ಯದ ಮೊದಲ ಗ್ರಂಥಪಾಲಕರಾಗಿ ಎನ್.ಡಿ. ಬಗರಿಯವರು ಈ ಕಾನೂನಿಗೆ ಕಟ್ಟಡ, ಕಪಾಟು, ಸಿಬ್ಬಂದಿಯ ರೂಪ ಕೊಟ್ಟರು.

ಕಾನೂನಿನ ಜೀವಾಳವಿರುವುದು ಗ್ರಂಥಾಲಯ ಕರದಲ್ಲಿ. ಸ್ಥಳೀಯ ಸಂಸ್ಥೆಗಳು ವಸೂಲು ಮಾಡುವ ಮನೆ ಕಂದಾಯದಂಥ ತೆರಿಗೆಗಳ ಪ್ರತಿ ರೂಪಾಯಿಗೆ ಮೊದಲು 3 ಪೈಸೆ, ಮುಂದೆ 6 ಪೈಸೆ ಗ್ರಂಥಾಲಯಕ್ಕೆಂದೇ ಮೀಸಲಾಯಿತು. ಮೊತ್ತ ಸಣ್ಣದು, ಅದರ ಅರ್ಥ ದೊಡ್ಡದು. ಚಿಕ್ಕಮಗಳೂರಿನ ಬಸವನಹಳ್ಳಿಯ ಅಂಗಡಿಯವರೂ ಮೂಡಿಗೆರೆಯ ಪ್ಲಾಂಟರೂ ಕಳಸದ ಸಣ್ಣ ಮನೆಯವರೂ ಕಟ್ಟಿದ ಪೈಸೆಗಳಿಂದ ನಡೆಯುವ ಸಂಸ್ಥೆಯಲ್ಲಿ ಯಾರೂ ಯಾರ ಹಂಗಿನಲ್ಲೂ ಇಲ್ಲ. ಮುಂದೆ 1972ರಲ್ಲಿ ಸ್ಥಾಪನೆಯಾದ ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ನೆರವೂ ಕೂಡಿಕೊಂಡಿತು.

ಹಳ್ಳಿಯ ಪಾಲಿಗೆ ದೊಡ್ಡ ತಿರುವು ಪಂಚಾಯತಿ ಗ್ರಂಥಾಲಯಗಳದು. ಮಂಡಲ ಪಂಚಾಯಿತಿಗಳ ದಿನಗಳಲ್ಲಿ ಮೊಳೆತ ಈ ಸಣ್ಣ ಗ್ರಂಥಾಲಯಗಳು 1993ರ ಪಂಚಾಯತ್ ರಾಜ್ ಕಾಯ್ದೆಯ ನಂತರ ಗ್ರಾಮ ಪಂಚಾಯತಿಗಳ ನೆರಳಿನಲ್ಲಿ ಬೆಳೆದವು. ಅವನ್ನು ಉಳಿಸಿದವರ ಹೆಸರು ಯಾವ ಶಿಲಾಫಲಕದಲ್ಲೂ ಇಲ್ಲ. ಅಲ್ಪ ಗೌರವಧನಕ್ಕೆ ವರ್ಷಗಟ್ಟಲೆ ದುಡಿದ ಗ್ರಂಥಾಲಯ ಮೇಲ್ವಿಚಾರಕರು ಅವರು. ಮಲೆನಾಡಿನಲ್ಲಿ ಆ ಕೆಲಸ ಎಂಥದೆಂದು ಬಯಲುಸೀಮೆಯವರಿಗೆ ಹೇಳಿ ತಿಳಿಸುವುದು ಕಷ್ಟ. ಜೂನ್ ಹಿಡಿದರೆ ಸೂರ್ಯನ ಮುಖ ಕಾಣದ ವಾರಗಳು. ಗೋಡೆಗೆ ತಾಗಿದ ಪುಸ್ತಕಕ್ಕೆ ಬೂಷ್ಟು, ರಟ್ಟಿಗೆ ಗೆದ್ದಲು. ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟು ಇರುವುದಿಲ್ಲ. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದರೆ ಕಳಸಕ್ಕೂ ಹೊರನಾಡಿಗೂ ನೇರ ದಾರಿ ಕಡಿದುಹೋಗುತ್ತದೆ. ಚಾರ್ಮಾಡಿಯಲ್ಲಿ ಮಣ್ಣು ಕುಸಿದರೆ ಕೊಟ್ಟಿಗೆಹಾರದ ಕಡೆಗೆ ಮಂಗಳೂರಿನ ಬಸ್ಸಿಲ್ಲ, ಪತ್ರಿಕೆಯಿಲ್ಲ. ಇಂಥ ದಿನಗಳಲ್ಲೂ ಛತ್ರಿ ಹಿಡಿದು ಬಂದು ಬಾಗಿಲು ತೆಗೆದು, ಬಿಸಿಲು ಬಿದ್ದ ದಿನ ಪುಸ್ತಕಗಳನ್ನು ಕಾಫಿಯಂತೆ ಕಣದಲ್ಲಿ ಹರಡಿ ಒಣಗಿಸಿ, ಹರಿದ ರಟ್ಟಿಗೆ ಮೈದಾ ಅಂಟು ಹಚ್ಚಿದ ಆ ಮಹನೀಯರಿಗೂ ಮಹಿಳೆಯರಿಗೂ ಈ ಸಂಚಿಕೆಯ ಮೊದಲ ನಮಸ್ಕಾರ ಸಲ್ಲಬೇಕು.

ಓದುಗರ ಲಯವೂ ತೋಟದ ಲಯದ್ದೇ. ಕೊಯ್ಲಿನ ತಿಂಗಳುಗಳಲ್ಲಿ ಬೆಂಚುಗಳು ಖಾಲಿ. ಹೂಮಳೆ ಕಳೆದು, ಶಾಲೆಗೆ ರಜೆ ಬಂದಾಗ ಮಕ್ಕಳ ಗದ್ದಲ. ‘ಸುಧಾ’, ‘ತರಂಗ’ಗಳಿಗೆ ಕಾದು ಕೂರುವ ಹಿರಿಯರು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಕೇಳಿ ಬರುವ ಯುವಕ ಯುವತಿಯರು, ತೋಟದ ಕಾರ್ಮಿಕರ ಲೈನುಮನೆಯ ಮಕ್ಕಳು, ಎಸ್ಟೇಟಿನ ರೈಟರು, ಎಲ್ಲರಿಗೂ ಒಂದೇ ಮೇಜು. ತೋಟದ ಧಣಿಯೂ ಆಳಿನ ಮಗಳೂ ಒಂದೇ ನೋಂದಣಿ ಪುಸ್ತಕದಲ್ಲಿ ಸಹಿ ಹಾಕುವ ಜಾಗ ನಮ್ಮ ಸೀಮೆಯಲ್ಲಿ ಬೇರೆಲ್ಲಿದೆ?

ಈ ಮಣ್ಣಿನ ಓದಿನ ಮಾತು ಬಂದಾಗ ಪೂರ್ಣಚಂದ್ರ ತೇಜಸ್ವಿಯವರನ್ನು ನೆನೆಯದಿರುವುದು ಸಾಧ್ಯವಿಲ್ಲ. ಮೂಡಿಗೆರೆಯಲ್ಲಿ ನೆಲೆಸಿ, ಕೃಷಿಯ ನಡುವೆಯೇ ಬರೆದ ಅವರ ‘ಕರ್ವಾಲೊ’, ‘ಪರಿಸರದ ಕತೆ’ಗಳಲ್ಲಿ ನಮ್ಮೂರ ಕಾಡು, ನಮ್ಮೂರ ಜನ ಇದ್ದಾರೆ. ತಮ್ಮ ಹಿತ್ತಿಲ ಹಕ್ಕಿಯೂ ಪುಸ್ತಕದ ವಿಷಯವಾಗಬಲ್ಲದು ಎಂದು ಇಲ್ಲಿನ ಮಕ್ಕಳಿಗೆ ತೋರಿಸಿಕೊಟ್ಟವರು ಅವರು. 2007ರ ಏಪ್ರಿಲ್ 5ರಂದು ಅವರು ಅಗಲಿದ ಮೇಲೆ ಕೊಟ್ಟಿಗೆಹಾರದಲ್ಲಿ ತಲೆಯೆತ್ತಿದ ಅವರ ಹೆಸರಿನ ಪ್ರತಿಷ್ಠಾನ ಪುಸ್ತಕ, ಪರಿಸರಗಳನ್ನು ಒಟ್ಟಿಗೆ ಕಲಿಸುವ ಕೆಲಸ ಮುಂದುವರಿಸಿದೆ.

2019ರಲ್ಲಿ ಪಂಚಾಯತಿ ಗ್ರಂಥಾಲಯಗಳ ಹೊಣೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂತು. ಊರಿನ ಗ್ರಂಥಾಲಯ ಊರಿನ ಪಂಚಾಯತಿಯ ಕೈಗೇ ಬಂದದ್ದು ಒಳ್ಳೆಯದೇ ಆಯಿತೆಂದು ನಮ್ಮ ಅಭಿಪ್ರಾಯ. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ, 2020ರ ಮಕ್ಕಳ ದಿನಾಚರಣೆಯಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಮೊಬೈಲ್ ಸಿಗ್ನಲ್ಲಿಗಾಗಿ ಮಕ್ಕಳು ಗುಡ್ಡ ಹತ್ತುತ್ತಿದ್ದ ಆ ದಿನಗಳಲ್ಲಿ ಕೈಗೆ ಬಂದ ಕತೆ ಪುಸ್ತಕದ ಬೆಲೆ ಮಲೆನಾಡಿನ ತಾಯ್ತಂದೆಯರಿಗೆ ಗೊತ್ತು. ಅದೇ ವರ್ಷ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವೂ ಆರಂಭವಾಯಿತು. ಈಗ ‘ಅರಿವು ಕೇಂದ್ರ’ವೆಂಬ ಹೆಸರು ಹೊತ್ತ ಹಳ್ಳಿಯ ಗ್ರಂಥಾಲಯಗಳಿಗೆ ಕಂಪ್ಯೂಟರು, ಅಂತರ್ಜಾಲ ಬರುತ್ತಿವೆ. ಗಟ್ಟಿಯಾಗಿ ಓದುವುದು, ಕತೆ ಹೇಳುವುದು, ಚದುರಂಗ, ಚಿತ್ರ ಬರೆಯುವುದು ಓದಿನ ಜೊತೆ ಸೇರಿಕೊಂಡಿವೆ. ದಾನಿಗಳಿಂದ ಪುಸ್ತಕ ಸಂಗ್ರಹಿಸುವ ‘ಪುಸ್ತಕ ಜೋಳಿಗೆ’ಗೆ ನಿವೃತ್ತ ಶಿಕ್ಷಕರು, ಬೆಳೆಗಾರರು, ಊರು ಬಿಟ್ಟು ಹೋದ ಹಳೆಯ ವಿದ್ಯಾರ್ಥಿಗಳು ಕೊಟ್ಟ ಪ್ರತಿಯೊಂದು ಪುಸ್ತಕವನ್ನೂ ನಾವು ಗೌರವದಿಂದ ಸ್ಮರಿಸುತ್ತೇವೆ.

ಪ್ರತಿ ವರ್ಷ ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಆ ವಾರದಲ್ಲಿ ತಮ್ಮ ಮನೆಯ ಮಕ್ಕಳನ್ನೂ, ತೋಟದ ಲೈನಿನ ಮಕ್ಕಳನ್ನೂ ಹತ್ತಿರದ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ ಸದಸ್ಯರನ್ನಾಗಿಸಬೇಕೆಂದು, ಓದಿ ಮುಗಿಸಿದ ಒಳ್ಳೆಯ ಪುಸ್ತಕಗಳನ್ನು ಜೋಳಿಗೆಗೆ ಹಾಕಬೇಕೆಂದು ಸಂಚಿಕೆಯ ಓದುಗರೆಲ್ಲರಲ್ಲಿ ವಿನಂತಿಸುತ್ತೇವೆ.