ರಜಾಕಾರ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಿರಿಯರು 1947–48ನ್ನು ಇಸವಿ ಹಿಡಿದು ಹೇಳುವುದು ಕಡಿಮೆ. ‘ರಜಾಕಾರರ ಹಾವಳ್ಯಾಗ’ ಎಂದರೆ ಸಾಕು, ಕಾಲ ತಿಳಿಯುತ್ತದೆ.

ಅರಬ್ಬಿಯ ‘ರಿಜಾ’ ಎಂದರೆ ಒಪ್ಪಿಗೆ. ಪರ್ಷಿಯನ್ನಿನ ‘ಕಾರ್’ ಎಂದರೆ ಮಾಡುವವ. ಮನಸಾರೆ ಕೆಲಸಕ್ಕೆ ನಿಂತವ, ಅಂದರೆ ಸ್ವಯಂಸೇವಕ. ನಾವು ದಿನವೂ ಬಳಸುವ ರಜೆ, ರಾಜಿ, ರಾಜೀನಾಮೆ ಎಲ್ಲವೂ ಇದೇ ಬೇರಿನವು. ಉರ್ದುವಿನಲ್ಲಿ ಇಂದಿಗೂ ಇದಕ್ಕೆ ಆ ಸೌಮ್ಯ ಅರ್ಥವೇ ಇದೆ.

ಪದ ಕೆಟ್ಟದ್ದು ನಿಜಾಮನ ಸಂಸ್ಥಾನದಲ್ಲಿ. ಹೈದರಾಬಾದ್ ಭಾರತಕ್ಕೆ ಸೇರಬಾರದೆಂದು ಕಾಸಿಂ ರಜ್ವಿ ಎಂಬ ಮುಖಂಡನ ರಜಾಕಾರ ಪಡೆ ಆಯುಧ ಹಿಡಿಯಿತು. ಲೂಟಿ, ಬೆಂಕಿ, ಕೊಲೆ. ಅಫಜಲಪುರದ ಕಡೆ ಭೀಮಾ ನದಿಯ ಆಚೆ ದಂಡೆ ಮುಂಬೈ ಪ್ರಾಂತ್ಯ. ಗಡಿಯ ಜನ ಮನೆಮಾರು ಬಿಟ್ಟು ಅತ್ತ ಓಡಿದರು. 1948ರ ಸೆಪ್ಟೆಂಬರ್ 17ರಂದು ನಿಜಾಮ ಶರಣಾದ. ಆದರೆ ಸಾವು ನಿಲ್ಲಲಿಲ್ಲ. ‘ಪೊಲೀಸ್ ಕಾರ್ಯಾಚರಣೆ’ ಎಂದು ಕರೆದ ಭಾರತೀಯ ಸೇನೆಯ ದಾಳಿಯ ವೇಳೆ ಮತ್ತು ಆಮೇಲೆ ಸಂಸ್ಥಾನದಲ್ಲಿ 27ರಿಂದ 40 ಸಾವಿರ ಜನ ಸತ್ತರೆಂದು ಭಾರತ ಸರ್ಕಾರ ಕಳಿಸಿದ ಸುಂದರ್‌ಲಾಲ್ ಸಮಿತಿ ಅಂದಾಜಿಸಿತು. ಹೆಚ್ಚು ನೊಂದ ಜಿಲ್ಲೆಗಳಲ್ಲಿ ಗುಲಬರ್ಗಾವೂ ಒಂದು. ಸತ್ತವರಲ್ಲಿ ಬಹುಪಾಲು ಮುಸ್ಲಿಮರು. ಆ ಅಧ್ಯಾಯಕ್ಕೆ ನಮ್ಮ ಮಾತಿನಲ್ಲಿ ಇಂಥದೊಂದು ಹೆಸರು ನಿಂತಿಲ್ಲ ಎಂಬುದು ನನ್ನನ್ನು ಕಾಡುತ್ತದೆ.

1971ರಲ್ಲಿ ಬಾಂಗ್ಲಾದಲ್ಲೂ ಪಾಕಿಸ್ತಾನಿ ಸೇನೆಗೆ ನೆರವಾದ ಪಡೆಗೆ ಇದೇ ಹೆಸರು ಬಂತು. ಅಲ್ಲಿ ಅದೀಗ ದ್ರೋಹಿಗೆ ಬಯ್ಗುಳ. ನಮ್ಮಲ್ಲಿ ಕೆಲವರು ಇಡೀ ಸಮುದಾಯಕ್ಕೇ ಈ ಪದ ಅಂಟಿಸುತ್ತಾರೆ. ಅದು ಖಂಡಿತ ತಪ್ಪು. ರಜಾಕಾರರನ್ನು ಬರಹದಲ್ಲೇ ಎದುರಿಸಿ 1948ರ ಆಗಸ್ಟ್‌ನಲ್ಲಿ ಹೈದರಾಬಾದಿನ ಬೀದಿಯಲ್ಲಿ ಕೊಲೆಯಾದ ‘ಇಮ್ರೋಜ್’ ಪತ್ರಿಕೆಯ ಸಂಪಾದಕನ ಹೆಸರು ಶೋಯೆಬುಲ್ಲಾ ಖಾನ್.