ಸಂಶೋಧನಾ ದತ್ತಾಂಶ ನಿರ್ವಹಣಾ ಯೋಜನೆ

ವೈಜ್ಞಾನಿಕ ಸಂಶೋಧನೆಯಲ್ಲಿ ಹುಟ್ಟುವ ಅಳತೆ, ಚಿತ್ರ, ಮಾದರಿಗಳ ವಿವರ, ಗಣಕ ಕ್ರಮವಿಧಿ ಮುಂತಾದವನ್ನು ಹೇಗೆ ಕೂಡಿಡಬೇಕು, ಯಾರು ಕಾಯಬೇಕು, ಯಾವಾಗ ಯಾರಿಗೆ ಕೊಡಬೇಕು ಎಂಬುದನ್ನು ಕೆಲಸಕ್ಕೆ ಕೈಹಾಕುವ ಮುನ್ನವೇ ಬರೆದಿಡುವ ದಾಖಲೆ. ಸಾಮಾನ್ಯವಾಗಿ ಧನಸಹಾಯದ ಅರ್ಜಿಯ ಜೊತೆಗೆ ಸಲ್ಲುತ್ತದೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 2011ರ ಜನವರಿಯಿಂದ ಇದನ್ನು ಕಡ್ಡಾಯಗೊಳಿಸಿದಾಗ ಕೇಳಿದ್ದು ಎರಡು ಪುಟ ಮೀರದ ಬರಹವನ್ನು.

ಕಡತಗಳ ಸ್ವರೂಪ, ಪ್ರತಿಗಳ ಸಂಖ್ಯೆ, ಭಂಡಾರದ ಹೆಸರು, ಬಿಡುಗಡೆಯ ಗಡುವು ಇದರಲ್ಲಿರಬೇಕು. ರೋಗಿಗಳ ಗುರುತು, ಅಪರೂಪದ ಜೀವಿಗಳ ನೆಲೆ ಇಂಥವು ಬಯಲಾಗದಂತೆ ಕಾಯುವ ಬಗೆಯನ್ನೂ ಹೇಳಬೇಕು. ಇವೆಲ್ಲಕ್ಕಿಂತ ಮುಖ್ಯವಾದದ್ದು ಮೆಟಾಡೇಟಾ, ಅಂದರೆ ದತ್ತಾಂಶದ ಬಗೆಗಿನ ವಿವರ: ಯಾವ ಉಪಕರಣ, ಯಾವ ಏಕಮಾನ, ಯಾವ ತಿದ್ದುಪಡಿ. ಇದು ಕಳೆದರೆ ಅಂಕಿಗಳು ಉಳಿದೂ ಪ್ರಯೋಜನವಿಲ್ಲ.

ಇತಿಹಾಸ: 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷಕ್ಕಾಗಿ ವಿಶ್ವ ದತ್ತಾಂಶ ಕೇಂದ್ರಗಳು ಏರ್ಪಟ್ಟವು. ಮಾನವ ಜೀನೋಮ್ ಯೋಜನೆಯ ವಿಜ್ಞಾನಿಗಳು 1996ರಲ್ಲಿ ಬರ್ಮುಡಾದಲ್ಲಿ ಸೇರಿ, ಜೋಡಿಸಿದ ಡಿಎನ್‌ಎ ಅನುಕ್ರಮಗಳನ್ನು 24 ಗಂಟೆಗಳೊಳಗೆ ಎಲ್ಲರಿಗೂ ತೆರೆದಿಡಲು ಒಪ್ಪಿದರು. ಹುಡುಕಿದರೆ ಸಿಗಬೇಕು, ಪಡೆಯುವಂತಿರಬೇಕು, ಬೇರೆ ದತ್ತಾಂಶದೊಡನೆ ಬೆರೆಯಬೇಕು, ಮರುಬಳಕೆಗೆ ಒದಗಬೇಕು ಎಂಬ 'ಫೇರ್' ತತ್ತ್ವಗಳು 2016ರಲ್ಲಿ ಪ್ರಕಟವಾದವು.

ಅಪೊಲೊ ಟೇಪುಗಳು: ಯೋಜನೆ ಏಕೆ ಬೇಕೆಂಬುದಕ್ಕೆ ಚಂದ್ರನ ಶಾಖಮಾಪನ ಪ್ರಯೋಗಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಅಪೊಲೊ 15 (1971) ಮತ್ತು 17 (1972)ರ ಗಗನಯಾತ್ರಿಗಳು ಚಂದ್ರನ ನೆಲ ಕೊರೆದು ತಾಪಮಾಪಕ ಸಲಾಕೆಗಳನ್ನು ಇಳಿಸಿದರು. 1977ರ ಸೆಪ್ಟೆಂಬರ್ 30ರಂದು ಚಂದ್ರನ ಮೇಲಿನ ಕೇಂದ್ರಗಳನ್ನು ಆರಿಸುವವರೆಗೂ ಅಳತೆಗಳು ಭೂಮಿಗೆ ಬರುತ್ತಿದ್ದವು. ಆದರೆ ನಾಸಾದ ದತ್ತಾಂಶ ಭಂಡಾರ ಸೇರಿದ್ದು 1974ರ ಕೊನೆಯವರೆಗಿನವು ಮಾತ್ರ. ಪ್ರಯೋಗದ ಮುಖ್ಯಸ್ಥ ಮಾರ್ಕಸ್ ಲ್ಯಾಂಗ್‌ಸೆತ್ 1997ರಲ್ಲಿ ತೀರಿಕೊಂಡರು. ನೆಲದಡಿಯ ತಾಪ ವರ್ಷದಿಂದ ವರ್ಷಕ್ಕೆ ನಿಧಾನವಾಗಿ ಏರಿದ್ದು ಕಂಡಿತ್ತು. ಕಾರಣ ತಿಳಿಯಲು ಮುಂದಿನ ಅಳತೆಗಳು ಬೇಕಿದ್ದವು.

ಬಹಳ ಕಾಲದ ಹುಡುಕಾಟದ ಬಳಿಕ ವಾಷಿಂಗ್ಟನ್ ಬಳಿಯ ಸರ್ಕಾರಿ ದಾಖಲೆ ಕೋಠಿಯಲ್ಲಿ 440 ಟೇಪುಗಳು ಸಿಕ್ಕವು. ಅವುಗಳಲ್ಲಿದ್ದುದು 1975ರ ಏಪ್ರಿಲ್‌ನಿಂದ ಜೂನ್‌ವರೆಗಿನ ಅಳತೆ. ಹ್ಯೂಸ್ಟನ್ನಿನ ಚಾಂದ್ರ ಮತ್ತು ಗ್ರಹವಿಜ್ಞಾನ ಸಂಸ್ಥೆಯಲ್ಲಿದ್ದ ವಾರದ ದಿನಚರಿ ಪುಸ್ತಕಗಳು ಉಳಿದ ಕಾಲದ ತಾಪಮಾನವನ್ನು ಒಂದಿಷ್ಟು ಒದಗಿಸಿದವು. 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಏರಿಕೆಗೆ ಚಂದ್ರನ ಒಡಲಿನ ಬಿಸಿ ಕಾರಣವಲ್ಲ. ಗಗನಯಾತ್ರಿಗಳ ಓಡಾಟದಿಂದ ಮೇಲ್ಮಣ್ಣು ಕದಡಿ, ಅಡಿಯ ಕಪ್ಪು ಮಣ್ಣು ಮೇಲೆ ಬಂದು ಹೆಚ್ಚು ಬಿಸಿಲು ಹೀರಿತ್ತು. ಅದೇ ಕಾಲದ ಕಂಪನ ದಾಖಲೆಗಳಿಗೆ ಇಂಥ ಅಜ್ಞಾತವಾಸ ಒದಗಲಿಲ್ಲ. ಅವು ಭಂಡಾರದಲ್ಲಿದ್ದುದರಿಂದ 2011ರಲ್ಲಿ ಹೊಸ ವಿಧಾನದಿಂದ ಪರಿಶೀಲಿಸಿ ಚಂದ್ರನ ಗರ್ಭದ ರಚನೆಯನ್ನು ಗುರುತಿಸಲು ಸಾಧ್ಯವಾಯಿತು. ಲಿಖಿತ ಯೋಜನೆಯೊಂದಿದ್ದರೆ ಶಾಖಮಾಪನದ ಟೇಪುಗಳೆಲ್ಲ ಉಳಿಯುತ್ತಿದ್ದವು ಎಂದು ಖಚಿತವಾಗಿ ಹೇಳಲಾಗದು. ಆದರೆ ಪ್ರಯೋಗ ಮುಗಿದ ಮೇಲೆ ಟೇಪುಗಳ ಹೊಣೆ ಯಾರದೆಂಬ ಪ್ರಶ್ನೆಗೆ ಮೊದಲ ದಿನವೇ ಉತ್ತರ ಬರೆದಿರಬೇಕಿತ್ತು.

ಭಾರತದಲ್ಲಿ: ಸಾರ್ವಜನಿಕ ಹಣದಿಂದ ಹುಟ್ಟುವ ದತ್ತಾಂಶದ ಹಂಚಿಕೆಗೆ ಕೇಂದ್ರ ಸರ್ಕಾರ 2012ರಲ್ಲಿ ರಾಷ್ಟ್ರೀಯ ನೀತಿ ತಂದಿತು. ಫರೀದಾಬಾದಿನಲ್ಲಿ 2022ರಲ್ಲಿ ಭಾರತೀಯ ಜೈವಿಕ ದತ್ತಾಂಶ ಕೇಂದ್ರ ಆರಂಭವಾಯಿತು. ಬಾಹ್ಯಾಕಾಶ ವಿಜ್ಞಾನದಲ್ಲಿ ಈ ಶಿಸ್ತು ಅದಕ್ಕೂ ಮೊದಲೇ ಬೇರೂರಿದೆ. ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿರುವ ಇಸ್ರೊದ ಭಾರತೀಯ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರ ಚಂದ್ರಯಾನ-1ರ ಕಾಲದಿಂದ ಅಳತೆಗಳನ್ನು ಗ್ರಹವಿಜ್ಞಾನಕ್ಕೆ ಮಾನಕವಾದ ಸ್ವರೂಪದಲ್ಲಿ, ಉಪಕರಣಗಳ ವಿವರದ ಸಮೇತ ಕಾಯುತ್ತಿದೆ. ಚಂದ್ರಯಾನ-2ರ ದತ್ತಾಂಶದ ಬಿಡುಗಡೆ 2020ರ ಡಿಸೆಂಬರ್‌ನಲ್ಲಿ ಶುರುವಾಯಿತು. ಹೆಸರು ನೋಂದಾಯಿಸಿಕೊಂಡವರು ಅದನ್ನು ಇಳಿಸಿಕೊಂಡು ಬಳಸಬಹುದು.